ಹಾರ್ಟಿನ ಮಾತ್ರೆ ಎಂದ ಕಂಪೌಂಡರು

ಮಳೆಗಾಲದಲ್ಲಿ ಕಂಪೌಂಡರು ನಮ್ಮ ಜಗಲಿ ಹತ್ತಿದರೆ ನೆಲದ ಮೇಲೆ ರಕ್ತದ ಚುಕ್ಕೆ ಬೀಳುತ್ತಿತ್ತು. ಮೊಣಕಾಲವರೆಗಿನ ಖಾಕಿ ಚಡ್ಡಿ, ಅದರ ಕೆಳಗೆ ಕೊಕ್ಕರೆಯಂಥ ಎರಡು ಕಾಲು, ಆ ಕಾಲಿನ ತುಂಬ ಇಂಬಳ, ಅದೇ ಜಿಗಣೆ, ಕಚ್ಚಿಬಿಟ್ಟ ಕಡೆಯಿಂದ ಇಳಿದ ಕೆಂಪು ಗೆರೆಗಳು. ಕಾಫಿ ತೋಟದ ಒಳದಾರಿಯಲ್ಲಿ ಬಂದವರನ್ನು ಇಂಬಳ ಬಿಡುವುದಿಲ್ಲ, ಸರಿ. ಉಳಿದವರು ಕಾಲಿಗೆ ಸುಣ್ಣ ಹಚ್ಚಿಕೊಂಡು ಬರುತ್ತಾರೆ, ಹೊಗೆಸೊಪ್ಪಿನ ನೀರು ಸವರಿಕೊಂಡು ಬರುತ್ತಾರೆ. ಮೂವತ್ತು ವರ್ಷ ಎಸ್ಟೇಟಿನ ಆಸ್ಪತ್ರೆಯಲ್ಲಿ ಔಷಧಿ ಕಲಸಿ ಊರಿಗೆಲ್ಲ ಹಚ್ಚಿದ ಮನುಷ್ಯ ತನ್ನ ಕಾಲಿಗೆ ಒಂದು ಚಿಟಿಕೆ ಸುಣ್ಣ ಹಚ್ಚಿಕೊಂಡವರಲ್ಲ. ನಾನು ಆಗ ತಾನೇ ಸಾರಿಸಿದ ನೆಲದ ಮೇಲೆ ತೊಟ್ಟು ತೊಟ್ಟು.

"ಕಾಲು ನೋಡ್ಕಳಿ ಕಂಪೌಂಡ್ರೇ" ಎಂದರೆ ಬಗ್ಗಿ ನೋಡಿ, ಅದು ಬೇರೆ ಯಾರದೋ ಕಾಲು ಎಂಬಂತೆ, "ಹೋ, ಉಂಟಲ್ಲ" ಎನ್ನುತ್ತಿದ್ದರು. ಅಷ್ಟೇ. ಒರೆಸುವವಳು ನಾನು.

ಅವರು ಮಂಗಳೂರು ಕಡೆಯ ಕಿರಿಸ್ತಾನರು. ಮೀಸೆ ಮೂಡುವ ವಯಸ್ಸಿನಲ್ಲಿ ಬೆಳಗೋಡಿನ ಹತ್ತಿರದ ಎಸ್ಟೇಟಿಗೆ ಕಂಪೌಂಡರಾಗಿ ಬಂದವರು. ಆಮೇಲೆ ಎಸ್ಟೇಟಿನ ಆಸ್ಪತ್ರೆ ಮುಚ್ಚಿತು, ಕಟ್ಟಡದಲ್ಲಿ ಗೊಬ್ಬರದ ಚೀಲ ತುಂಬಿದರು, ಕೆಲಸ ಹೋಯಿತು. ಹೆಸರು ಹೋಗಲಿಲ್ಲ, ಮನುಷ್ಯನೂ ಹೋಗಲಿಲ್ಲ. ಗೇಟಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಹೆಂಡತಿಯ ಜೊತೆ ಉಳಿದುಕೊಂಡರು. ಅವರ ಹೆಂಡತಿಯನ್ನು ನಾವೆಲ್ಲ ಬಾಯಮ್ಮ ಎನ್ನುತ್ತಿದ್ದೆವು. ಆಕೆ ಕಡಿಮೆ ಮಾತಿನವಳು. "ನಮ್ಮವರಿಗೆ ಹೆಂಡತಿ ಬೇಡ, ಯಾರದಾದರೂ ಜಗಲಿ ಸಾಕು" ಎಂದು ಒಂದೇ ಒಂದು ಸಲ ಹೇಳಿದ್ದಳು. ಅದರಲ್ಲಿ ಎಲ್ಲ ಬಂತು.

ದಿನಾ ನಾಲ್ಕು ಮನೆಯ ಜಗಲಿ ಹತ್ತದಿದ್ದರೆ ಆ ಮನುಷ್ಯನಿಗೆ ಅನ್ನ ಅರಗುತ್ತಿರಲಿಲ್ಲ. ಬಂದವರು ಕ್ಷೇಮ ಕೇಳುತ್ತಿರಲಿಲ್ಲ. "ಹೊಟ್ಟೆಗೆ ಎಂತ ಹೋಯ್ತು, ಹೊಟ್ಟೆಯಿಂದ ಎಂತ ಹೋಯ್ತು, ಎರಡು ಹೇಳಿದರೆ ಸಾಕು" ಎನ್ನುತ್ತಿದ್ದರು. ನೆಂಟರು ಕೂತಿದ್ದರೂ ಕೇಳುವುದೇ. ಮದುವೆಗೆ ಹೆಣ್ಣು ನೋಡಲು ಬಂದವರ ಎದುರಿಗೂ ಒಂದು ಸಲ ಕೇಳಿದ್ದಕ್ಕೆ ಹೆಣ್ಣಿನ ಅಪ್ಪ ಅವರನ್ನು ಕೈಹಿಡಿದು ಅಂಗಳಕ್ಕೆ ಇಳಿಸಿಕೊಂಡು ಹೋಗಿದ್ದ.

ನನ್ನ ಮೇಲೆ ಅವರ ಕಾಟ ಬಿ.ಪಿ. ಮಾತ್ರೆಯದು. ನಾನು ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಸೌದೆ ಹೊಗೆಯಲ್ಲಿ ಬೆಳೆದ ತಲೆ, ತಿರುಗಿದಾಗ ಒಂದು ಮಾತ್ರೆ ನುಂಗುತ್ತಿದ್ದೆ, ತಿರುಗದಿದ್ದರೆ ಇಲ್ಲ. "ಅದು ಲಿಂಬೆಹುಳಿ ಪೆಪ್ಪರಮಿಂಟ್ ಅಲ್ಲ ಮಾರಾಯ್ತಿ, ದಿನಾ ತಿನ್ನಬೇಕು" ಎಂದು ಅಡುಗೆಮನೆಯ ಕಿಟಕಿಯಲ್ಲಿ ತಲೆ ಹಾಕಿ ಕೂಗುತ್ತಿದ್ದರು. ನನ್ನನ್ನು ಅಜ್ಜಿ ಎನ್ನುವ ಮಕ್ಕಳೆಲ್ಲ ನಗುತ್ತಿದ್ದರು. ಹಾಗೆ ನಗುವ ಮಕ್ಕಳಲ್ಲಿ ಆ ಹುಡುಗಿಯೂ ಒಬ್ಬಳು.

ಆ ಹುಡುಗಿಯ ಅಪ್ಪ ಮೊದಲು ಹೋದ, ಎರಡು ವರ್ಷಕ್ಕೆ ಅಮ್ಮ. ಎಸ್ಟೇಟಿನ ಕೂಲಿ ಲೈನಿನ ಕೊನೆಯ ಮನೆಯಲ್ಲಿ ಕಣ್ಣಿಗೆ ಪೊರೆ ಬಂದ ಮುದುಕಿಯೊಬ್ಬಳ ಕೈಗೆ ಹುಡುಗಿ ಬಿತ್ತು. ತಾಯಿಯ ತಾಯಿ ಅವಳು. ಅಪ್ಪನಿಗೆ ಏನಾಗಿತ್ತು, ಅಮ್ಮನಿಗೆ ಏನಾಗಿತ್ತು ಎಂದು ಊರು ಕೇಳಿದಾಗ ಕಂಪೌಂಡರು "ಒಬ್ಬರಿಗೆ ಲಿವರು, ಇನ್ನೊಬ್ಬರಿಗೆ ಕಾಮಾಲೆ" ಎಂದರು. ಹುಡುಗಿ ದಿನಾ ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗುವುದು ಯಾಕೆ ಎಂದು ಕೇಳಿದಾಗ "ಹಾರ್ಟು, ಹಾರ್ಟಿನಲ್ಲಿ ಸಣ್ಣ ತೂತು" ಎಂದರು. ತಿಂಗಳಿಗೊಮ್ಮೆ ಮುದುಕಿಯನ್ನೂ ಹುಡುಗಿಯನ್ನೂ ಬಸ್ಸು ಹತ್ತಿಸಿಕೊಂಡು ಹಾಸನದ ದೊಡ್ಡಾಸ್ಪತ್ರೆಗೆ ಹೋಗಿ ಡಬ್ಬಿ ತರುತ್ತಿದ್ದರು. ಬಂದ ದಿನವೇ ಡಬ್ಬಿಯನ್ನು ಬಿಸಿನೀರಲ್ಲಿ ಅದ್ದಿ, ಮೇಲಿನ ಚೀಟಿ ಕಿತ್ತು, ಮೈದಾ ಅಂಟಿನಲ್ಲಿ ತಮ್ಮದೇ ಚೀಟಿ ಅಂಟಿಸುತ್ತಿದ್ದರು. ಗುಂಡು ಅಕ್ಷರದಲ್ಲಿ "ಹಾರ್ಟ್, ಬೆಳಿಗ್ಗೆ ೮" ಎಂದು. ಇದು ನಮಗೆಲ್ಲ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಹಾರ್ಟು ಒಂದೇ.

ಹಾರ್ಟು ಎಂದರೆ ನಮ್ಮ ಊರು ಕರಗಿ ನೀರಾಯಿತು. ಹುಡುಗಿ ಶಾಲೆಯ ಏರು ಹತ್ತುತ್ತಿದ್ದರೆ ಕಾಫಿ ಹಣ್ಣು ಕುಯ್ಯುವ ಹೆಂಗಸರು ತೋಟದೊಳಗಿಂದ "ನಿಧಾನ ಕಣವ್ವಾ, ಹಾರ್ಟು!" ಎಂದು ಕೂಗುತ್ತಿದ್ದರು. ಬ್ಯಾಗು ಹೊರಲು ಇಬ್ಬರು ಗೆಳತಿಯರು. ಖೊಖೊ ಆಡಿಸುವಾಗ ಅವಳನ್ನು ಕಲ್ಲಿನ ಮೇಲೆ ಕೂರಿಸಿ ಕೈಗೆ ಮೇಷ್ಟ್ರ ಸೀಟಿ ಕೊಡುತ್ತಿದ್ದರು. ಮನೆಗೊಂದು ಮದ್ದು. ಒಬ್ಬಳು ಮತ್ತಿ ಚಕ್ಕೆಯ ಕಷಾಯ ತಂದಳು, ಇನ್ನೊಬ್ಬಳು ಬೆಳ್ಳುಳ್ಳಿ ಜೇನು ತಂದಳು. ಕಂಪೌಂಡರು ಅವನ್ನೆಲ್ಲ ಇಸಿದುಕೊಂಡು ತಮ್ಮ ಮನೆಯ ಕ್ರೋಟನ್ ಗಿಡದ ಬುಡಕ್ಕೆ ಸುರಿಯುತ್ತಿದ್ದರಂತೆ. ಹುಡುಗಿಯೂ ಕಮ್ಮಿಯವಳಲ್ಲ. ಲೆಕ್ಕ ಮಾಡಿರದ ದಿನ ಎದೆಯ ಮೇಲೆ ಕೈ ಇಟ್ಟುಕೊಂಡು ಕ್ಲಾಸಿಗೆ ಬರುತ್ತಿದ್ದಳು. ನಾನೂ ಅವಳ ತಟ್ಟೆಗೆ ಒಂದು ಸೌಟು ಬೇಳೆ ಜಾಸ್ತಿ ಹಾಕುತ್ತಿದ್ದೆ. ನನಗೂ ಪುಣ್ಯ ಬೇಡವೇ?

ಊರಿನ ಪ್ರೀತಿಯೇ ಕೆಡಿಸಿತು. ಸಕಲೇಶಪುರದ ಕಲ್ಯಾಣ ಮಂಟಪವೊಂದರಲ್ಲಿ ಪುಕ್ಕಟೆ ಹೃದಯ ತಪಾಸಣೆ ಎಂದು ಆಟೋದಲ್ಲಿ ಕೂಗಿಕೊಂಡು ಹೋದರು. ನಮ್ಮ ಹೆಂಗಸರ ಸಂಘದ ಅಧ್ಯಕ್ಷೆ ಆ ಹುಡುಗಿಯನ್ನು ಕರೆದುಕೊಂಡು ಹೋಗಲೇಬೇಕು ಎಂದು ಹಟ ಹಿಡಿದಳು. ಅಧ್ಯಕ್ಷೆ ಎಂದರೆ ತೋಟ ಗದ್ದೆ ಇರುವ ಮನೆಯ ಸೊಸೆ, ಹೇಳಿದ್ದು ಆಗಲೇಬೇಕು. ಕಂಪೌಂಡರು ಇದ್ದಿದ್ದರೆ ಏನಾದರೂ ಬುರುಡೆ ಬಿಟ್ಟು ತಪ್ಪಿಸುತ್ತಿದ್ದರು. ಅವರು ತಂಗಿಯ ಮಗಳ ಮದುವೆಗೆ ಬಾಯಮ್ಮನ ಜೊತೆ ಮಂಗಳೂರಿಗೆ ಹೋಗಿದ್ದರು. ಆ ತಿಂಗಳ ಡಬ್ಬಿ ತಂದು ಎರಡು ದಿನವಾಗಿತ್ತು, ಮದುವೆಯ ಗಡಿಬಿಡಿಯಲ್ಲಿ ಚೀಟಿ ಕೀಳುವುದು ಉಳಿದಿತ್ತು. ಮುದುಕಿಗೆ ಇಲ್ಲ ಎನ್ನಲು ಬಾಯಿಲ್ಲ, ಚೀಟಿ ನೋಡಲು ಕಣ್ಣಿಲ್ಲ.

"ಡಾಕ್ಟ್ರು ಯಾವ ಮಾತ್ರೆ ಅಂತ ಕೇಳ್ತಾರೆ, ಡಬ್ಬಿ ಕೊಡಜ್ಜಿ" ಎಂದು ಅಧ್ಯಕ್ಷೆಯೇ ಅದನ್ನು ಚೀಲಕ್ಕೆ ಹಾಕಿಕೊಂಡಳು. ಮುದುಕಿಯನ್ನು ಹಿಡಿದುಕೊಳ್ಳಲು ನಾನು ಜೊತೆಗೆ ಹೋದೆ.

ಅಲ್ಲಿ ಹುಡುಗಿಯ ಎದೆಗೆ ವೈರು ಅಂಟಿಸಿ ನೋಡಿದರು, ಕೊಳವೆ ಇಟ್ಟು ಕೇಳಿದರು. ಡಾಕ್ಟರು ವಯಸ್ಸಾದವರು. "ಹೃದಯ ಚೆನ್ನಾಗಿದೆ. ಓಡಲಿ, ಆಡಲಿ" ಎಂದರು. ಅಧ್ಯಕ್ಷೆ ಡಬ್ಬಿ ಮುಂದೆ ಇಟ್ಟಳು. ಅವರು ಓದಿ, ಚೀಟಿಯನ್ನು ಅಂಗೈಯೊಳಗೆ ಮುಚ್ಚಿಕೊಂಡು, ಮುದುಕಿಯ ಕೈಗೇ ಕೊಟ್ಟು, "ಇದನ್ನು ಒಂದು ದಿನವೂ ಬಿಡಬೇಡಿ ಅಜ್ಜಿ, ಕೊಟ್ಟವರ ಹತ್ತಿರವೇ ತೋರಿಸುತ್ತಾ ಇರಿ" ಎಂದರು.

"ಹಾರ್ಟು ಚೆನ್ನಾಗಿದ್ರೆ ಇದ್ಯಾತಕ್ಕೆ ಸಾರ್?" ಎಂದಳು ಅಧ್ಯಕ್ಷೆ.

"ಅದು ಅವರ ಮನೆಯವರಿಗೆ ಗೊತ್ತಿರುತ್ತೆ. ಮುಂದಿನವರು ಬನ್ನಿ."

ಆ ಡಾಕ್ಟರಿಗೆ ಇದ್ದ ಬುದ್ಧಿ ನಮ್ಮ ಅಧ್ಯಕ್ಷೆಗೆ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮುದುಕಿಯ ಕೈಯಿಂದ ಡಬ್ಬಿ ಇಸಿದುಕೊಂಡು ಮೊಬೈಲಿನಲ್ಲಿ ಫೋಟೋ ಹೊಡೆದು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ತನ್ನ ಅಕ್ಕನ ಮಗನಿಗೆ ಕಳಿಸಿದಳು. ಹುಡುಗಿಗೆ ಇದ್ಯಾವುದೂ ತಿಳಿಯದು. ಹಾರ್ಟು ಚೆನ್ನಾಗಿದೆ ಎಂದರಲ್ಲ, ಬಸ್ಸುಗಳ ನಡುವೆ ಒಂದು ಸುತ್ತು ಓಡಿ ಬಂದಳು. "ಅಜ್ಜಿ, ನೋಡಿ, ಏದುಸ್ರು ಬಂದಿಲ್ಲ! ನಾನು ಖೊಖೊ ಆಡ್ಬೋದು!" ಎಂದು ನನ್ನ ಕೈ ತೆಗೆದು ತನ್ನ ಎದೆಯ ಮೇಲೆ ಇಟ್ಟುಕೊಂಡಳು. ಹನ್ನೆರಡು ವರ್ಷದ ಹುಡುಗಿ ಅಷ್ಟು ನಕ್ಕಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಬಸ್ಸಿನಲ್ಲಿ ಅಧ್ಯಕ್ಷೆ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದಳು. ಊರು ಅರ್ಧ ದಾರಿ ಇರುವಾಗ ಮೊಬೈಲು ಸದ್ದು ಮಾಡಿತು. ನೋಡಿದಳು. ಎದ್ದು ಮುಂದಿನ ಸೀಟಿಗೆ ಹೋಗಿ ಕೂತಳು. ಬೆಳಗೋಡಿನಲ್ಲಿ ಇಳಿಯುವಾಗ ನನ್ನ ಕಿವಿಯಲ್ಲಿ "ಅದು ಏಡ್ಸಿನ ಮಾತ್ರೆ ಕಣೆ" ಎಂದಳು.

ನಾನು ಏನು ಮಾಡಿದೆ ಎಂದು ಕೇಳಿದರೆ ಹೇಳುತ್ತೇನೆ. ಮನೆಗೆ ಬಂದು ಅವಳು ಹಿಡಿದ ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದೆ. ಮಾರನೇ ದಿನ ಅವಳಿಗೆ ಒಂದು ಬೇರೆ ತಟ್ಟೆಯಲ್ಲಿ ಬಡಿಸಿ, ಕೊನೆಗೆ ಬೂದಿ ಹಾಕಿ ತಿಕ್ಕಿ, ಗೋಡೆಗೆ ಮೊಳೆ ಹೊಡೆದು ಬೇರೆಯಾಗಿ ತೂಗುಹಾಕಿದೆ. ಅಧ್ಯಕ್ಷೆಯ ಮಾತು ರಾತ್ರಿಯೇ ಊರು ಸುತ್ತಿತ್ತು, ಆ ದಿನ ಊಟಕ್ಕೆ ಕೂತವರು ಏಳೋ ಎಂಟೋ ಮಕ್ಕಳು. ಉಳಿದವರು ಮನೆಯಿಂದ ಊಟದ ಡಬ್ಬಿ ತಂದಿದ್ದರು. ಹುಡುಗಿಯ ಸುತ್ತ ಚಾಪೆ ಖಾಲಿ. ಮೇಷ್ಟ್ರು ಕೆಟ್ಟವರಲ್ಲ, ಪುಕ್ಕಲರು. "ನಾಲ್ಕು ದಿನ ಮನೇಲಿರಲಿ, ಎಲ್ಲ ತಣ್ಣಗಾಗಲಿ" ಎಂದರು. ಅವಳು ಹೋದಳು. ಅದು ಯಾವ ಮಾತ್ರೆ ಎಂದು ಅಷ್ಟರಲ್ಲಿ ಅವಳ ಕಿವಿಗೂ ಬಿದ್ದಿತ್ತು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾತ್ರೆ ಬಿಟ್ಟಳು.

ಎರಡು ದಿನಕ್ಕೆ ಕಂಪೌಂಡರು ಮಂಗಳೂರಿನಿಂದ ಬಂದರು. ಬಾಯಮ್ಮನನ್ನು ಮನೆಯಲ್ಲಿ ಇಳಿಸಿ ನೆಟ್ಟಗೆ ನನ್ನ ಜಗಲಿಗೆ. ಮಳೆ ಹಿಡಿದಿತ್ತು, ಕಾಲು ಎಂದಿನಂತೆ. ನಾನು ಬಾಯಿ ಬಿಟ್ಟೆ.

"ಎಂಥಾ ಸುಳ್ಳು ಹೇಳ್ಬುಟ್ರಿ ಕಂಪೌಂಡ್ರೇ! ಊರಿಗೂರೇ ಬೆಪ್ಪು ಮಾಡಿದ್ರಲ್ಲ! ನನ್ನ ಕೈಲಿ ಅನ್ನ ಬಡಿಸ್ಕಂಡು ತಿಂದವ್ಳೆ ಆ ಹುಡ್ಗಿ, ನಂಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ದರೆ ಬಡಿಸುತ್ತಿದ್ದೆಯಾ?"

ಸಿಟ್ಟಿನಲ್ಲಿ ಒರೆಸುವ ಬಟ್ಟೆ ತೆಗೆದುಕೊಂಡೆ. ನೆಲದ ಮೇಲಿನ ರಕ್ತದ ಹತ್ತಿರ ಕೈ ಹೋಯಿತು, ನಿಂತಿತು. ಅವರು ನೋಡಿದರು.

"ಯಾಕೆ ನಿಲ್ಲಿಸಿದ್ದು? ಇಷ್ಟು ವರ್ಷ ಒರೆಸಿದ್ದೀಯಲ್ಲ. ನನ್ನ ರಕ್ತ ಪರೀಕ್ಷೆ ಆಗಿದೆಯಾ ಅಂತ ಒಂದು ದಿನ ಕೇಳಿದ್ದುಂಟಾ? ಈ ರಕ್ತ ಮುಟ್ಟುವಾಗ ನೀನು ಹೆದರಲಿಲ್ಲ. ಆ ಮಗು ಉಂಡ ತಟ್ಟೆಗೆ ಹೆದರಿದೆ. ತಟ್ಟೆಯಿಂದ ಬರುವುದಿಲ್ಲ ಮಾರಾಯ್ತಿ. ಮುಟ್ಟಿದರೆ ಬರುವುದಿಲ್ಲ, ಒಟ್ಟಿಗೆ ಉಂಡರೆ ಬರುವುದಿಲ್ಲ. ಹುಟ್ಟುವಾಗ ಅಮ್ಮನಿಂದ ಬಂದದ್ದು ಅದು, ಅವಳು ಕೇಳಿ ತಂದದ್ದಲ್ಲ."

ತಟ್ಟೆಯ ವಿಷಯ ಅವರಿಗೆ ಹೇಗೆ ತಿಳಿಯಿತೋ. ದಾರಿಯಲ್ಲಿ ಶಾಲೆಯ ಕಿಟಕಿಯಲ್ಲಿ ತಲೆ ಹಾಕಿಯೇ ಬಂದಿರಬೇಕು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೈಯಲಿಲ್ಲ. ಕಾಲು ಚಾಚಿ ಕೂತು, "ಸುಳ್ಳು ನನ್ನದೇ. ಅದರ ಪೆಟ್ಟು ಮಗುವಿಗೆ ಬಿತ್ತು" ಎಂದರು.

ಲೈನಿನ ಮನೆಗೆ ಹೋದಾಗ ನಾನೂ ಹಿಂದೆ ಹೋದೆ. ಬಾಗಿಲು ಹಾಕಿತ್ತು. ಅಷ್ಟು ವಯಸ್ಸಿನ ಮನುಷ್ಯ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹಲಗೆಗೆ ಮಾತಾಡಿದರು. "ಮಗಾ, ನಾನು ಸುಳ್ಳು ಹೇಳಿದ್ದು. ಊರಿಗೆ ಹೇಳಿದ್ದು ಹೋಗಲಿ, ನಿನಗೂ ಹೇಳಿದೆ. ನಿನ್ನದು ನಿನಗೆ ಮೊದಲು ಗೊತ್ತಾಗಬೇಕಿತ್ತು. ತಪ್ಪಾಯ್ತು. ಮಾತ್ರೆ ಮಾತ್ರ ಬಿಡಬೇಡ. ಬಿಟ್ಟರೆ ರೋಗ ಔಷಧಿಗೆ ಪಳಗಿಬಿಡ್ತದೆ, ಆಮೇಲೆ ಕೇಳುವುದಿಲ್ಲ."

ಒಳಗಿನಿಂದ ಒಂದೇ ಮಾತು. "ನಂಗೆ ಹಾರ್ಟೇ ಇರ್ಲಿ."

ಅದರ ಹಿಂದೆಯೇ ಇನ್ನೊಂದು. "ನೀವು ಇನ್ಮೇಲೆ ಬರ್ಬೇಡಿ."

ಹಾರ್ಟಿನ ಸುಳ್ಳು ಹುಟ್ಟಿದ್ದು ಹುಡುಗಿಯ ತಾಯಿಯ ಬಾಯಲ್ಲಿ ಎಂದು ಮುದುಕಿ ನನಗೆ ಆಮೇಲೆ ಹೇಳಿದಳು. ಸಾಯುವ ಮೊದಲು ಕಂಪೌಂಡರ ಕೈ ಹಿಡಿದು, ಯಾರಿಗೂ ಹೇಳಬೇಡಿ, ನನ್ನ ಮಗಳಿಗೂ ಹೇಳಬೇಡಿ, ದೊಡ್ಡವಳಾಗಲಿ ಎಂದು ಮಾತು ತೆಗೆದುಕೊಂಡಿದ್ದಳಂತೆ. ಆ ಬಾಗಿಲ ಮುಂದೆ ಕಂಪೌಂಡರು ಇದೊಂದು ಮಾತು ಆಡಿದ್ದರೆ ಹುಡುಗಿಯ ಅರ್ಧ ಸಿಟ್ಟು ಇಳಿಯುತ್ತಿತ್ತು. ಆಡಲಿಲ್ಲ. ಯಾಕೆ ಆಡಲಿಲ್ಲ ಎಂದು ಕೇಳಿದ್ದಕ್ಕೆ, "ಸತ್ತ ಅಮ್ಮನ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಾ?" ಎಂದರು. ಇಂಥವರ ಜೊತೆ ಏಗುವುದು ಹೇಗೆ?

ನನ್ನ ಹತ್ತಿರ ಒಂದು ಉಪಾಯ ಇತ್ತು. ಅದು ಒಳ್ಳೆಯ ಉಪಾಯ, ಈಗಲೂ ಹಾಗೇ ಅನ್ನುತ್ತೇನೆ. ಮೂವತ್ತು ವರ್ಷ ಎಸ್ಟೇಟಿನ ಆಸ್ಪತ್ರೆಯಲ್ಲಿ ಕೂತ ಮನುಷ್ಯನಿಗೆ ಯಾವ ಮನೆಯ ಒಳಗುಟ್ಟು ಗೊತ್ತಿಲ್ಲ? ಸುತ್ತ ನಾಲ್ಕು ಊರಿನಲ್ಲಿ ಯಾರಿಗೆ ಏನು ಬಂದಿತ್ತು, ಯಾರು ಯಾವುದನ್ನು ಕೆಮ್ಮು ಎಂದರು, ಯಾರು ಯಾವುದನ್ನು ಸುಸ್ತು ಎಂದರು, ಎಲ್ಲಕ್ಕೂ ಪೊಟ್ಟಣ ಕಟ್ಟಿದವರು ಅವರು. ಅಧ್ಯಕ್ಷೆಯೂ ಹೊಸ ಸೊಸೆಯಾಗಿದ್ದಾಗ ಆರು ತಿಂಗಳು ಸೆರಗು ಮುಚ್ಚಿಕೊಂಡು ಅವರ ಹತ್ತಿರ ಓಡಾಡಿದವಳು.

"ಹೋಗಿ ಒಂದ್ ಮಾತು ಅನ್ನಿ ಕಂಪೌಂಡ್ರೇ. ನಿಂದು ನಂಗೆ ಗೊತ್ತೈತೆ, ಬಾಯ್ಮುಚ್ಕಂಡು ಮಕ್ಳನ್ನ ಊಟಕ್ಕೆ ಕಳ್ಸು ಅನ್ನಿ. ಎದ್ಬಿದ್ದು ಕಳಿಸ್ತಾಳೆ!"

ಅವರು ನನ್ನನ್ನು ನೋಡಿದ ರೀತಿಗೆ ನಾನು ಸೆರಗು ಸರಿ ಮಾಡಿಕೊಂಡೆ. "ಅದು ಅವಳದ್ದು ಮಾರಾಯ್ತಿ. ನನ್ನದಲ್ಲ. ನನ್ನದಲ್ಲದ್ದನ್ನು ನಾನು ಹೇಗೆ ಖರ್ಚು ಮಾಡಲಿ? ಮತ್ತೆ, ಈ ಮಗುವಿಗೆ ಆದದ್ದು ಅವಳಿಗೂ ಆಗಲಿಯಾ?"

ಅಧ್ಯಕ್ಷೆಯ ಕಾಯಿಲೆ ಯಾವುದು ಎಂದು ಅವಳ ಮನೆಯ ಕೆಲಸದವಳ ಬಾಯಿಂದ ನನಗೂ ಗೊತ್ತು. ಇಲ್ಲಿ ಬರೆಯುವುದಿಲ್ಲ. ಆ ಮನುಷ್ಯನ ಕಾಟ ಸತ್ತ ಮೇಲೂ ಬಿಟ್ಟಿಲ್ಲ.

ಕೈಯಲ್ಲಿ ಅಂಥ ದೊಣ್ಣೆ ಇಟ್ಟುಕೊಂಡು ಅವರು ಮಾಡಿದ್ದೇನು? ಜಗಲಿ ಜಗಲಿ ಹತ್ತಿ ಬೇಡಿದರು. ದಿನಾ. ಒಬ್ಬರ ಮನೆಯನ್ನೂ ಬಿಡದೆ. "ಸುಳ್ಳು ಹೇಳಿದ್ದು ನಾನು, ಬೈಯುವುದು ನನಗೆ ಬೈಯಿರಿ, ಮಗುವನ್ನು ಶಾಲೆಗೆ ಬಿಡಿ." ಕೆಲವರು ಬೈದರು. ಕೆಲವರು ಬಾಗಿಲು ಹಾಕಿಕೊಂಡರು. ಹಾಕಿದ ಬಾಗಿಲ ಮುಂದೆ ಅರ್ಧ ಗಂಟೆ ಕೂತು, ಎದ್ದು, "ನಾಳೆ ಬರ್ತೇನೆ" ಎಂದು ಹೋಗುತ್ತಿದ್ದರು. ನಾಳೆ ಬರುತ್ತಿದ್ದರು. ಅಧ್ಯಕ್ಷೆಯ ಮನೆಯಲ್ಲಿ ಹಿಂದೆಲ್ಲ ಕಾಫಿಯ ಜೊತೆ ಚಕ್ಕುಲಿ ಬರುತ್ತಿತ್ತು, ಈಗ ನೀರೂ ಬರಲಿಲ್ಲ. ಒಂದು ದಿನ ಜೊತೆಯಲ್ಲಿ ನಾನಿದ್ದೆ.

"ಒಟ್ಗೆ ಕೂತು ಉಂಡ್ರೆ ಏನೂ ಆಗಲ್ಲ ಅನ್ನಕ್ಕೆ ಏನ್ರಿ ಗ್ಯಾರಂಟಿ? ನಿಮ್ಮ ಮಾತಾ?" ಎಂದಳು ಅಧ್ಯಕ್ಷೆ.

"ನನ್ನ ಮಾತು ಬೇಡ. ಅದು ಹಾಳಾಯ್ತು, ಸರಿಯೇ. ಹಾಸನದಿಂದ ಡಾಕ್ಟರಮ್ಮನನ್ನು ಕರೆಸ್ತೇನೆ. ಅವರನ್ನು ಕೇಳಿ, ಬೇಕಾದ್ದು ಕೇಳಿ."

"ದಿನಾ ಬಂದು ಕೂತ್ಕತೀರಲ್ಲ, ಮಾನ ಮರ್ವಾದೆ ಐತೇನ್ರಿ ನಿಮ್ಗೆ?"

"ಸ್ವಲ್ಪ ಇತ್ತು. ಈಗ ಅದನ್ನು ನೋಡಿಕೊಳ್ಳಲಿಕ್ಕೆ ಪುರುಸೊತ್ತಿಲ್ಲ."

ನನಗೆ ಅಲ್ಲೇ ಕೂಗಿಬಿಡಬೇಕು ಎನ್ನಿಸಿತು. ಅವಳ ಗುಟ್ಟು ನಾಲಿಗೆಯ ತುದಿಗೆ ಬಂದಿತ್ತು. ಅವರು ನನ್ನ ಕಡೆ ತಿರುಗಿ ಕಣ್ಣು ಬಿಟ್ಟರು. ನುಂಗಿಕೊಂಡೆ.

ಡಾಕ್ಟರಮ್ಮ ಬಂದರು, ಶಾಲೆಯ ವರಾಂಡದಲ್ಲಿ ಕೂತು ಎಲ್ಲರ ಪ್ರಶ್ನೆಗೂ ಹೇಳಿದರು, ಹೋದರು. ಕೇಳಿದವರೆಲ್ಲ ತಲೆ ಆಡಿಸಿದರು, ಮಾರನೇ ದಿನ ಮಕ್ಕಳ ಕೈಗೆ ಮತ್ತೆ ಊಟದ ಡಬ್ಬಿ ಕೊಟ್ಟರು. ತಿಳಿದ ಮಾತ್ರಕ್ಕೆ ಹೆದರಿಕೆ ಹೋಗುವುದಿದ್ದರೆ ನನ್ನದು ಮೊದಲು ಹೋಗಬೇಕಿತ್ತು.

ಈ ನಡುವೆ ಮಾತ್ರೆ ನಿಂತು ಎರಡು ವಾರ ಆಗುತ್ತಾ ಬಂದಿತ್ತು. ಕಂಪೌಂಡರು ಇಂಗು ತಿಂದ ಮಂಗನ ಹಾಗಾದರು. "ನನ್ನ ಕೈಯಿಂದ ಅವಳು ತೆಗೆದುಕೊಳ್ಳುವುದಿಲ್ಲ. ನೀನು ಹೋಗು" ಎಂದರು.

"ನಾನೇನ್ ಹೇಳ್ಲಿ? ನಂಗೆ ನಯವಾಗಿ ಮಾತಾಡಕ್ಕೆ ಬರಲ್ಲ."

"ನಯ ಬೇಡ. ನಯ ನಾನು ಬೇಕಾದಷ್ಟು ಮಾಡಿದೆ. ನೀನು ಇದ್ದ ಹಾಗೆ ಹೋಗು."

ಹೋದೆ. ಬೆಳಿಗ್ಗೆ ಶಾಲೆಯ ಒಲೆ ಹಚ್ಚುವ ಮೊದಲು. ಮುದುಕಿ ಬಾಗಿಲು ತೆಗೆದಳು. ಹುಡುಗಿ ಮೂಲೆಯಲ್ಲಿ ಮೊಣಕಾಲಿಗೆ ಗಲ್ಲ ಊರಿ ಕೂತಿತ್ತು.

"ನನ್ನ ತಟ್ಟೆ ಬೇರೆ ಮಾಡಿದ್ರಿ" ಎಂದಳು. ಮೊದಲ ಮಾತೇ ಅದು.

"ಮಾಡಿದ್ದೆ."

"ಯಾಕೆ?"

"ಹೆದ್ರಿಕೆ ಆಯ್ತು."

"ಈಗ?"

"ಈಗ್ಲೂ ಒಂಚೂರು ಐತೆ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮೊಳೆ ಕಿತ್ತಾಕಿದೀನಿ, ತಟ್ಟೆ ಎಲ್ಲದ್ರ ಜೊತೆಗೈತೆ. ಯಾವ್ದು ನಿಂದು ಅಂತ ನಂಗೇ ಗೊತ್ತಿಲ್ಲ. ಮಾತ್ರೆ ನುಂಗು, ಎದ್ದು ಬಾ."

"ನೀವು ನಿಮ್ ಬಿ.ಪಿ. ಮಾತ್ರೆ ನುಂಗಿದ್ರಾ?"

"ನಂದು ಬುಡು."

"ಯಾಕೆ ಬುಡ್ಬೇಕು? ಕಂಪೌಂಡ್ರು ದಿನಾ ಕಿಟಕೀಲಿ ಕೂಗ್ತಿದ್ರು. ನೀವು ನುಂಗಲ್ಲ. ನಾನ್ಯಾಕೆ ನುಂಗ್ಲಿ?"

ಸಿಟ್ಟು ನೆತ್ತಿಗೇರಿತು. ಬಡಿಯಬೇಕು ಎನ್ನಿಸಿತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? "ಆಯ್ತು ಕಣೆ. ದಿನಾ ಎಂಟಕ್ಕೆ ನಮ್ಮನೆಗೆ ಬಾ. ನಿಂದು ನೀನು, ನಂದು ನಾನು. ನಾನು ಬಿಟ್ಟ ದಿನ ನೀನೂ ಬಿಡು" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು, ನಾನು ಎಷ್ಟು ದಿನ ತಡೆಯುತ್ತೇನೆ ಎಂದು ಅಳತೆ ಮಾಡುವ ಹಾಗೆ. ಆಮೇಲೆ ಎದ್ದು ಡಬ್ಬಿ ತೆಗೆದಳು. ಚೀಟಿ ಇನ್ನೂ ಅದರ ಮೇಲೇ ಇತ್ತು.

ಅವತ್ತಿನಿಂದ ಅವಳು ನಮ್ಮ ಮನೆಗೂ ಬಂದಳು, ಶಾಲೆಗೂ ಬಂದಳು. ನನ್ನ ಮಾತ್ರೆಯ ಹಾಳೆಗಳನ್ನು ನೋಡಿ, "ಇದ್ರಲ್ಲಿ ಅರ್ಧಕ್ಕರ್ಧ ತಾರೀಕು ಮುಗ್ದೈತೆ" ಎಂದು ಎಸೆದವಳೂ ಅವಳೇ. ಅಕ್ಷರ ನನಗೆ ಆಗ ಅಷ್ಟಕ್ಕಷ್ಟೇ. ನನ್ನ ಹಟಕ್ಕೆ ಮಾತ್ರೆ ನುಂಗಿ ನುಂಗಿ ನನ್ನ ತಲೆ ತಿರುಗುವುದು ನಿಂತಿತು. ಇದನ್ನು ಕಂಪೌಂಡರಿಗೆ ನಾನು ಹೇಳಲಿಲ್ಲ. ಹೇಳಿದರೆ ಅವರನ್ನು ಹಿಡಿಯುವುದು ಕಷ್ಟ.

ಶಾಲೆಯ ಮಕ್ಕಳು ಊಟಕ್ಕೆ ವಾಪಸ್ಸು ಬಂದದ್ದು ಹೇಗೆ? ಧರ್ಮ ಗೆದ್ದಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊಟ್ಟೆ ಗೆದ್ದಿತು. ಬೇಯಿಸಿದ ಮೊಟ್ಟೆ ಕೊಡುವ ದಿನ ತಣ್ಣಗಿನ ಡಬ್ಬಿ ಹಿಡಿದು ಕೂರಲು ಯಾವ ಮಗುವಿಗೆ ಮನಸ್ಸಾಗುತ್ತದೆ? ನಾನು ಕೊರಳಿಗೆ ಲಿಂಗ ಕಟ್ಟಿದವಳು, ಮೂಗಿಗೆ ಸೆರಗು ಹಿಡಿದು ಮೊಟ್ಟೆ ಸುಲಿಯುವುದು ನನ್ನ ಕರ್ಮ. ಆ ಕರ್ಮ ಒಂದು ಸಲ ಉಪಯೋಗಕ್ಕೆ ಬಂತು. ಮೊದಲು ಚಿಕ್ಕವರು ಬಂದರು, ಹಿಂದೆಯೇ ದೊಡ್ಡವರು. ಮನೆಯಲ್ಲಿ ಹೇಳಲಿಲ್ಲ. ಮನೆಗೆ ಗೊತ್ತಾಗುವ ಹೊತ್ತಿಗೆ ಯಾರಿಗೂ ಏನೂ ಆಗಿರಲಿಲ್ಲ.

ಅಧ್ಯಕ್ಷೆ ಮಾತ್ರ ಒಂದು ಸಂಜೆ ನಮ್ಮ ಮನೆಗೆ ಬಂದಳು. ಹಾಗೆಲ್ಲ ಬರುವವಳಲ್ಲ. ನೀರು ಕೊಟ್ಟೆ, ಕುಡಿದಳು.

"ಕಂಪೌಂಡ್ರು ನನ್ನ ವಿಷ್ಯ ಏನಾದ್ರೂ ಅಂದ್ರಾ?"

"ಏನೂ ಅಂದಿಲ್ಲ."

"ದಿನಾ ಬಂದು ಕೂತಾಗ ಇವತ್ತು ಅಂತಾರೆ, ಇವತ್ತು ಅಂತಾರೆ ಅಂತ ಕಾಯ್ತಿದ್ದೆ ಕಣೆ. ಅನ್ನಲೇ ಇಲ್ಲ." ಲೋಟ ಕೆಳಗಿಟ್ಟಳು. ಆಮೇಲೆ, "ತಿಂಗ್ಳಿಗೊಂದ್ಸಲ ನಾನೂ ಹಾಸನಕ್ಕೆ ಹೋಗ್ತೀನಲ್ಲ ಮಗ್ಳ ಮನೆಗೆ. ಆ ಹುಡ್ಗೀನೂ ಅವಳಜ್ಜೀನೂ ನನ್ ಜೊತೇಲೆ ಬರ್ಲಿ. ಕಂಪೌಂಡ್ರಿಗೆ ಮಂಡಿ ನೋವು" ಎಂದಳು.

ಹೋಗಿ ಬಂದಳು. ಇವತ್ತಿಗೂ ಹೋಗುತ್ತಾಳೆ. ಅವಳ ಮೇಲಿನ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ, ಆದರೆ ಇಷ್ಟನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಎಲ್ಲ ಸರಿಯಾಯಿತು, ಒಂದು ಬಿಟ್ಟು. ಹುಡುಗಿ ಕಂಪೌಂಡರ ಜೊತೆ ಮಾತಾಡಲಿಲ್ಲ. ಎದುರಿಗೆ ಬಂದರೆ ತೋಟಕ್ಕೆ ಇಳಿದು ಹೋಗುತ್ತಿದ್ದಳು. ಎಂಟು ಗಂಟೆಗೆ ಅವರು ನಮ್ಮ ಜಗಲಿಯಲ್ಲಿ ಇದ್ದರೆ ಅವರು ಹೋಗುವವರೆಗೆ ಡಬ್ಬಿ ತೆಗೆಯುತ್ತಿರಲಿಲ್ಲ. ಅದು ಗೊತ್ತಾದ ಮೇಲೆ ಅವರು ಆ ಹೊತ್ತಿಗೆ ಬರುವುದನ್ನು ಬಿಟ್ಟರು. ಒಂಬತ್ತಕ್ಕೆ ಬಂದು, ಕಣ್ಣಲ್ಲೇ, ಆಯಿತಾ ಎಂದು ಕೇಳುತ್ತಿದ್ದರು. ನಾನು ತಲೆ ಆಡಿಸುತ್ತಿದ್ದೆ. ಹೀಗೆ ಎರಡು ವರ್ಷ. "ಒಂದ್ ಮಾತಾಡೆ, ಮುದುಕ ಆಗವ್ರೆ" ಎಂದು ನಾನು ಅವಳಿಗೆ ಹೇಳಿದರೆ "ಆಗ್ಲಿ" ಎನ್ನುತ್ತಿದ್ದಳು. "ಬಯ್ದು ಒಂದ್ಸಲ ಮಾತಾಡ್ಸಿ" ಎಂದು ಅವರಿಗೆ ಹೇಳಿದರೆ, "ಸಿಟ್ಟು ಅವಳದ್ದು ಮಾರಾಯ್ತಿ, ಇಟ್ಟುಕೊಳ್ಳಲಿ. ಮಾತ್ರೆ ನುಂಗ್ತಾಳಲ್ಲ" ಎನ್ನುತ್ತಿದ್ದರು. ಇಬ್ಬರ ನಡುವೆ ನನ್ನ ತಲೆ ಚಿಟ್ಟು ಹಿಡಿಯಿತು.

ಕಳೆದ ಚಳಿಗಾಲ ಕಂಪೌಂಡರು ಮಲಗಿದರು. ಶ್ವಾಸಕೋಶಕ್ಕೆ ನೀರು ತುಂಬಿತ್ತಂತೆ. ಹಾಸನಕ್ಕೆ ಕರೆದುಕೊಂಡು ಹೋಗಿ, ವಾಪಸ್ಸು ಕರೆತಂದು, ಗೇಟಿನ ಪಕ್ಕದ ಮನೆಯಲ್ಲಿ ಮಂಚದ ಮೇಲೆ ದಿಂಬಿಗೆ ಒರಗಿಸಿದ್ದರು. ಒಂದು ಭಾನುವಾರ ಬೆಳಿಗ್ಗೆ ನಾನು ನೋಡಲು ಹೊರಟೆ. ಹುಡುಗಿ ಎಂದಿನಂತೆ ಡಬ್ಬಿ ಹಿಡಿದು ಬಂದವಳು, ಅದನ್ನು ತೆಗೆಯದೆ ನನ್ನ ಹಿಂದೆಯೇ ನಡೆದಳು. ಬಾ ಎಂದು ನಾನು ಕರೆದಿರಲಿಲ್ಲ. ಕರೆದಿದ್ದರೆ ಬರುತ್ತಿರಲಿಲ್ಲ.

ಬಾಯಮ್ಮ ಗಂಜಿ ಕುಡಿಸುತ್ತಿದ್ದಳು. ಹುಡುಗಿ ಮಂಚದ ಹತ್ತಿರ ಹೋಗಿ ನಿಂತಳು. ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ. ಡಬ್ಬಿ ತೆಗೆದು, ಮಾತ್ರೆಯನ್ನು ಅವರಿಗೆ ಕಾಣುವ ಹಾಗೆ ಬಾಯಿಗೆ ಹಾಕಿಕೊಂಡು, ಮಂಚದ ಪಕ್ಕದ ಚೊಂಬಿನಿಂದ ನೀರು ಕುಡಿದಳು.

ಇನ್ನು ಯಾರಾದರೂ ಆಗಿದ್ದರೆ ಅಳುತ್ತಿದ್ದರು, ಕೈ ಹಿಡಿಯುತ್ತಿದ್ದರು. ಆ ಮನುಷ್ಯ ಏದುಸಿರಿನ ನಡುವೆ, "ನೀರು ಸಾಲದು. ಇನ್ನೂ ಅರ್ಧ ಲೋಟ ಕುಡಿ" ಎಂದರು.

ಅವಳು ಕುಡಿದಳು. ಆಮೇಲೆ ಸ್ಟೂಲು ಎಳೆದು ಕೂತಳು. ಬಾಯಮ್ಮ ನನ್ನ ಮೊಣಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ನಾನು ಕಿವಿ ಈ ಕಡೆಗೇ ಇಟ್ಟಿದ್ದೆ, ಆದರೆ ಬಾಯಮ್ಮ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದಳು. ಹುಡುಗಿಯ ದನಿ ಕೇಳಿತು, ಅವರ ದನಿ ಕೇಳಿತು, ಮಾತು ಕೇಳಲಿಲ್ಲ. ಒಂದು ಸಲ ಹುಡುಗಿ ಜೋರಾಗಿ ನಕ್ಕಳು. ಕಾಫಿ ಎರಡು ಸಲ ಉಕ್ಕುವಷ್ಟು ಹೊತ್ತು ಮಾತಾಡಿದರು.

ಬುಧವಾರ ಹೋದರು. ಅವರ ಚರ್ಚಿನ ಹಿಂದಿನ ಗುಡ್ಡದಲ್ಲಿ ಮಣ್ಣು ಮಾಡಿದೆವು. ನಾಲ್ಕು ಊರಿನ ಹೆಂಗಸರು ಬಂದಿದ್ದರು. ಅವರಲ್ಲಿ ಯಾರ ಯಾವ ಮಾತು ಆ ಗುಂಡಿಗೆ ಇಳಿಯಿತು ಎಂದು ಅವರವರಿಗೇ ಗೊತ್ತು. ಹುಡುಗಿ ಒಂದು ಹಿಡಿ ಮಣ್ಣು ಹಾಕಿ, ಕೈ ಒರೆಸಿಕೊಳ್ಳದೆ ನನ್ನ ಪಕ್ಕ ಬಂದು ನಿಂತಳು. ನಾನು ಆ ಕೈ ಹಿಡಿದುಕೊಂಡೆ.

ಏರು ಹತ್ತಿ ಮನೆಗೆ ಬರುವಾಗ ತಡೆಯಲಾಗದೆ ಕೇಳಿದೆ. "ಅವತ್ತು ಅಷ್ಟೊತ್ತು ಏನೇ ಮಾತಾಡಿದ್ರಿ?"

"ಅದು ನಮ್ಮಿಬ್ಬರದ್ದು ಅಜ್ಜಿ" ಎಂದಳು.

ಎರಡು ವರ್ಷ ಇಬ್ಬರ ನಡುವೆ ಓಡಾಡಿ ಕಾಲು ಸವೆಸಿದವಳು ನಾನು. ನನಗೆ ಹೇಳಬಾರದೇ? ಈಗ ಅವಳು ಹೈಸ್ಕೂಲಿಗೆ ಹೋಗುತ್ತಾಳೆ, ಮೊದಲು ನಮ್ಮ ಮನೆಗೆ ಬರುತ್ತಾಳೆ, ನನ್ನ ಮಾತ್ರೆ ನನ್ನ ಅಂಗೈಗೆ ಹಾಕುತ್ತಾಳೆ. ವಾರಕ್ಕೊಂದು ಸಲ ನಾನು ಕೇಳುತ್ತೇನೆ. ಅವಳು ನೀರಿನ ಲೋಟ ಮುಂದೆ ಹಿಡಿಯುತ್ತಾಳೆ, ಹೇಳುವುದಿಲ್ಲ.